ಎಕ್ಸ್‌ಪ್ಲೇನರ್ | ಆನ್‌ಲೈನ್ ಆಟಕ್ಕೆ ತಿಂಗಳ ಬಾಡಿಗೆ: ಕಟ್ಟೋದು ಯಾಕೆ, ನಿಲ್ಲಿಸಿದರೆ ಉಳಿಯೋದೇನು?

ಬಿಜಿಎಂಐನಲ್ಲಿ ರಾಯಲ್ ಪಾಸ್ ತಗೊಂಡವರಿಗೆ, ಗೆಳೆಯರ ಜೊತೆ ಫುಟ್‌ಬಾಲ್ ಆಡೋಕೆ ಪ್ಲೇಸ್ಟೇಷನ್ ಪ್ಲಸ್ ಕಟ್ಟುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಆನ್‌ಲೈನ್ ಆಟಕ್ಕೆ ಒಂದು ಸಲ ದುಡ್ಡು ಕೊಟ್ಟರೆ ಅಲ್ಲಿಗೆ ಮುಗಿಯಲ್ಲ. ಎಲ್ಲೋ ಒಂದು ಕಡೆ ಮೀಟರ್ ಓಡುತ್ತಲೇ ಇರುತ್ತೆ.

ಈ ಮೀಟರ್‌ನ ಅತ್ಯಂತ ಹಳೆಯ, ಅತ್ಯಂತ ನೇರ ರೂಪವೇ ಮಾಸಿಕ ಚಂದಾ. ತಿಂಗಳಿಗೆ ಇಷ್ಟು ಕೊಡು, ಆಡು; ಕೊಡಲ್ವಾ, ಬಾಗಿಲು ಮುಚ್ಚಿದೆ. ಕಳೆದ 15 ವರ್ಷಗಳಲ್ಲಿ ಇದರ ಜಾಗವನ್ನು 'ಫ್ರೀ' ಆಟಗಳು ಆಕ್ರಮಿಸಿವೆ. ಚಂದಾ ದುಬಾರಿ, ಫ್ರೀ ಅಗ್ಗ ಎಂಬ ಲೆಕ್ಕ ಎಲ್ಲರ ತಲೆಯಲ್ಲೂ ಕೂತಿದೆ. ಆ ಲೆಕ್ಕ ಎಷ್ಟು ಸರಿ? ಈ ಹಣ ಯಾರಿಗೆ ಹೋಗುತ್ತೆ? ನಮ್ಮ ಕಾನೂನು ಯಾವುದನ್ನು ನೋಡುತ್ತೆ, ಯಾವುದನ್ನು ನೋಡಲ್ಲ? ಒಂದೊಂದಾಗಿ ನೋಡೋಣ.

ಚಂದಾ ಶುರುವಾಗಿದ್ದು ಎಲ್ಲಿಂದ?

ಮೊದಲು ಇದ್ದದ್ದು ತಿಂಗಳ ಲೆಕ್ಕವಲ್ಲ, ಗಂಟೆ ಲೆಕ್ಕ. 1980ರ ದಶಕದಲ್ಲಿ ಅಮೆರಿಕದ ಕಂಪ್ಯುಸರ್ವ್‌ನಂಥ ಜಾಲಗಳಲ್ಲಿ ಫೋನ್ ಲೈನ್ ಮೂಲಕ ಸಂಪರ್ಕ ಪಡೆದು ಆಡಬೇಕಿತ್ತು, ಕೂತಷ್ಟು ಹೊತ್ತಿಗೂ ಬಿಲ್. 1991ರಲ್ಲಿ ಎಒಎಲ್‌ನಲ್ಲಿ ಬಂದ 'ನೆವರ್‌ವಿಂಟರ್ ನೈಟ್ಸ್' ಆಟಕ್ಕೂ ಶುರುವಿನಲ್ಲಿ ಗಂಟೆಗೆ ಹಲವು ಡಾಲರ್ ತೆರಬೇಕಿತ್ತು. ಆಡುವವರು ಗಡಿಯಾರ ನೋಡಿಕೊಂಡೇ ಆಡುತ್ತಿದ್ದರು.

1996ರ ಕೊನೆಯಲ್ಲಿ ಎಒಎಲ್ ಗಂಟೆ ಲೆಕ್ಕ ಬಿಟ್ಟು ತಿಂಗಳಿಗೆ 19.95 ಡಾಲರ್‌ಗೆ ಎಷ್ಟು ಬೇಕಾದರೂ ಇಂಟರ್ನೆಟ್ ಕೊಡೋಕೆ ಶುರು ಮಾಡಿತು. ಆಟಗಳೂ ಅದೇ ದಾರಿ ಹಿಡಿದವು. 1997ರ ಸೆಪ್ಟೆಂಬರ್‌ನಲ್ಲಿ ಬಂದ 'ಅಲ್ಟಿಮಾ ಆನ್‌ಲೈನ್' ತಿಂಗಳಿಗೆ 9.95 ಡಾಲರ್, 1999ರ ಮಾರ್ಚ್‌ನಲ್ಲಿ ಬಂದ 'ಎವರ್‌ಕ್ವೆಸ್ಟ್' 9.89 ಡಾಲರ್ ನಿಗದಿ ಮಾಡಿದವು. 2004ರ ನವೆಂಬರ್‌ನಲ್ಲಿ ಬ್ಲಿಝಾರ್ಡ್ ಕಂಪನಿಯ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' 14.99 ಡಾಲರ್‌ಗೆ ಬಂತು. 2010ರ ಅಕ್ಟೋಬರ್ ಹೊತ್ತಿಗೆ ಅದಕ್ಕೆ 1 ಕೋಟಿ 20 ಲಕ್ಷ ಚಂದಾದಾರರು.

ಚಂದಾ ಜೊತೆಗೆ ಆಟದ ಡಬ್ಬಿಯನ್ನೂ ದುಡ್ಡು ಕೊಟ್ಟೇ ಕೊಳ್ಳಬೇಕಿತ್ತು. ಬಾಡಿಗೆ ಮನೆಗೆ ಹೋಗುವಾಗ ಅಡ್ವಾನ್ಸ್ ಕೊಡಲ್ವಾ, ಹಾಗೆ. ಒಂದೇ ವ್ಯತ್ಯಾಸ ಅಂದರೆ, ಪೇಂಟಿಂಗ್ ಖರ್ಚು ಮುರಿದುಕೊಂಡಾದರೂ ಮನೆ ಓನರ್ ಅಡ್ವಾನ್ಸ್ ವಾಪಸ್ ಕೊಡುತ್ತಾರೆ. ಇಲ್ಲಿ ಅದು ಬರಲ್ಲ.

ಕಂಪನಿಗಳು ಕೊಡುವ ಕಾರಣ ಏನು? ಅದು ನಿಜವಾ?

ಸಾಕಷ್ಟು ಮಟ್ಟಿಗೆ ನಿಜ. ಸಾವಿರಾರು ಜನ ಒಂದೇ ಜಗತ್ತಿನಲ್ಲಿ ಒಟ್ಟಿಗೆ ಇರಬೇಕು, ನಾವು ಮಲಗಿದ್ದಾಗಲೂ ಆ ಜಗತ್ತು ನಡೆಯುತ್ತಿರಬೇಕು ಅಂದರೆ ಸರ್ವರ್ ಬೇಕು, ಬ್ಯಾಂಡ್‌ವಿಡ್ತ್ ಬೇಕು. ಮೋಸ ಮಾಡುವವರನ್ನು ಹಿಡಿಯಲು, ಜಗಳ ಬಿಡಿಸಲು, ದೂರು ಕೇಳಲು ಸಿಬ್ಬಂದಿ ಬೇಕು. ಹೊಸ ಕಥೆ, ಹೊಸ ಊರು, ಹೊಸ ಶತ್ರುಗಳನ್ನು ಕಟ್ಟುವ ತಂಡ ಬೇಕು. ಇವು ಪ್ರತಿ ತಿಂಗಳ ಖರ್ಚು, ಹಾಗಾಗಿ ಪ್ರತಿ ತಿಂಗಳ ಆದಾಯವೂ ಬೇಕು ಅನ್ನೋದು ವಾದ.

ಇದರ ಇನ್ನೊಂದು ಮುಖವನ್ನು ಕಡಿಮೆ ಜನ ಗಮನಿಸುತ್ತಾರೆ. ತಿಂಗಳ ದುಡ್ಡು ತಗೊಂಡ ಮೇಲೆ ಕಂಪನಿ ಉತ್ತರ ಕೊಡಬೇಕಾಗುತ್ತೆ. 1998ರಲ್ಲೇ 'ಅಲ್ಟಿಮಾ ಆನ್‌ಲೈನ್' ಆಟಗಾರರ ಗುಂಪೊಂದು, ಹೇಳಿದಂತೆ ಸೇವೆ ಕೊಟ್ಟಿಲ್ಲ ಎಂದು ಕಂಪನಿಯನ್ನು ಕೋರ್ಟಿಗೆ ಎಳೆದಿತ್ತು. 2010ರಲ್ಲಿ ಬಿಡುಗಡೆಯಾದ 'ಫೈನಲ್ ಫ್ಯಾಂಟಸಿ 14' ಎಷ್ಟು ಕೆಟ್ಟದಾಗಿತ್ತೆಂದರೆ, ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿ ಒಂದು ವರ್ಷಕ್ಕೂ ಹೆಚ್ಚು ಕಾಲ ಚಂದಾ ವಸೂಲಿಯನ್ನೇ ಮಾಡಲಿಲ್ಲ. ಕೊನೆಗೆ ಆಟವನ್ನು ಮುಚ್ಚಿ, ಹೊಸದಾಗಿ ಕಟ್ಟಿ 2013ರ ಆಗಸ್ಟ್‌ನಲ್ಲಿ ತಂದಿತು. ಅದೇ ಆಟಕ್ಕೆ 2021ರ ಡಿಸೆಂಬರ್‌ನಲ್ಲಿ ಜನ ಮುಗಿಬಿದ್ದು, ಲಾಗಿನ್ ಆಗೋಕೆ ಗಂಟೆಗಟ್ಟಲೆ ಸಾಲು ನಿಲ್ಲಬೇಕಾಯಿತು. ಕಂಪನಿ ಮೊದಲು 7 ದಿನ, ಆಮೇಲೆ ಇನ್ನೂ 14 ದಿನ ಉಚಿತವಾಗಿ ಸೇರಿಸಿಕೊಟ್ಟಿತು, ಹೊಸಬರಿಗೆ ಮಾರಾಟವನ್ನೇ ಕೆಲ ಕಾಲ ನಿಲ್ಲಿಸಿತು.

ದಿನಕ್ಕೆ ಇಷ್ಟು ಎಂದು ಬೆಲೆ ಗೊತ್ತಿದ್ದರೆ, ಹಾಳಾದ ದಿನಕ್ಕೆ ಪರಿಹಾರವನ್ನೂ ಲೆಕ್ಕ ಹಾಕಿ ಕೇಳಬಹುದು. 'ಫ್ರೀ' ಆಟದಲ್ಲಿ ಸರ್ವರ್ ಬಿದ್ದರೆ ಏನಂತ ಕೇಳ್ತೀರಿ?

ಬೆಲೆ ಪದ್ಧತಿ ಬದಲಾದರೆ ಆಟವೂ ಬದಲಾಗುತ್ತಾ?

ಖಂಡಿತ. ದುಡ್ಡು ಎಲ್ಲಿಂದ ಬರುತ್ತೋ ಆಟ ಆ ಕಡೆಗೇ ವಾಲುತ್ತೆ.

ಗಂಟೆ ಲೆಕ್ಕದಲ್ಲಿ ನೀವು ಹೆಚ್ಚು ಹೊತ್ತು ಕೂತಷ್ಟೂ ಕಂಪನಿಗೆ ಲಾಭ. ತಿಂಗಳ ಲೆಕ್ಕದಲ್ಲಿ ನೀವು ಚಂದಾ ರದ್ದು ಮಾಡದೇ ಇರೋದು ಮುಖ್ಯ. ಕಟ್ಟಿಯೂ ಆಡದವನೇ ಅತ್ಯುತ್ತಮ ಗಿರಾಕಿ, ಜಿಮ್ ಸದಸ್ಯತ್ವದ ಹಾಗೆ. ಹಾಗಾಗಿ ಚಂದಾ ಆಟಗಳಲ್ಲಿ ಒಂದು ಒಳ್ಳೆ ಕತ್ತಿ ಸಿಗೋಕೆ ವಾರಗಟ್ಟಲೆ ಅದೇ ಗುಹೆಗೆ ಹೋಗಬೇಕು, ವಾರಕ್ಕೆ ಒಂದೇ ಸಲ ಬಹುಮಾನ, ದಿನಕ್ಕೊಂದು ಪುಟ್ಟ ಕೆಲಸ. ಎರಡು ದಿನದಲ್ಲಿ ಮುಗಿಯುವುದನ್ನು ಎರಡು ತಿಂಗಳು ಎಳೆಯುವ ಧಾರಾವಾಹಿ ತಂತ್ರ ಇದು. ಚಂದಾ ಪದ್ಧತಿಯನ್ನು ಹೊಗಳುವವರು ಇದನ್ನು ಮರೆಯಬಾರದು.

ಆದರೂ ಒಂದು ಮಿತಿ ಇತ್ತು. ಎಷ್ಟೇ ಎಳೆದರೂ ಒಬ್ಬನಿಂದ ತಿಂಗಳಿಗೆ 14.99 ಡಾಲರ್‌ಗಿಂತ ಹೆಚ್ಚು ಬರಲ್ಲ. ದಿನಕ್ಕೆ 1 ಗಂಟೆ ಆಡುವ ವಿದ್ಯಾರ್ಥಿಗೂ 10 ಗಂಟೆ ಆಡುವವನಿಗೂ ಒಂದೇ ಬೆಲೆ. ದುಡ್ಡಿದ್ದವನು ಆಟದೊಳಗೆ ಬಲಶಾಲಿಯಾಗುವ ದಾರಿ, ಅಧಿಕೃತವಾಗಿಯಂತೂ, ಇರಲಿಲ್ಲ.

ಈ ಮಿತಿಯನ್ನು ಮುರಿದದ್ದು 'ಫ್ರೀ'.

'ಫ್ರೀ' ಆಟದಲ್ಲಿ ದುಡ್ಡು ಎಲ್ಲಿಂದ ಬರುತ್ತೆ?

ಈ ಪದ್ಧತಿ ಬೆಳೆದದ್ದು ಕೊರಿಯಾ ಮತ್ತು ಚೀನಾದಲ್ಲಿ. ಕೊರಿಯಾದ ನೆಕ್ಸಾನ್ ಕಂಪನಿ 2000ದ ಆಸುಪಾಸಿನಲ್ಲೇ ಆಟ ಉಚಿತ, ಒಳಗಿನ ವಸ್ತುಗಳಿಗೆ ದುಡ್ಡು ಎಂಬ ದಾರಿ ಹಿಡಿದಿತ್ತು. ಚೀನಾದಲ್ಲಿ ಅದನ್ನು ತುದಿಗೆ ಒಯ್ದವರು ಶೀ ಯೂಝು. ಅದಕ್ಕೂ ಮೊದಲು ಅವರು ಆರೋಗ್ಯದ ಟಾನಿಕ್ ಮಾರಿ ಹೆಸರಾಗಿದ್ದವರು. 2006ರಲ್ಲಿ ಅವರ ಕಂಪನಿ ತಂದ 'ಝೆಂಗ್ಟು' ಆಟಕ್ಕೆ ಚಂದಾ ಇರಲಿಲ್ಲ. ಬದಲಿಗೆ ನಿಧಿ ಪೆಟ್ಟಿಗೆಗಳಿದ್ದವು. ದುಡ್ಡು ಕೊಟ್ಟು ಬೀಗದ ಕೈ ಕೊಳ್ಳಬೇಕು, ತೆರೆದರೆ ಒಳಗೆ ಏನಿದೆಯೋ ಅದೃಷ್ಟ. ಇವತ್ತು ನಾವು ಲೂಟ್ ಬಾಕ್ಸ್ ಅನ್ನೋದು ಇದನ್ನೇ. ಹೆಚ್ಚು ಜನ ಏನೂ ಕೊಡದೆ ಆಡುತ್ತಾರೆ. ಕೆಲವೇ ಜನ ಸಾವಿರಗಟ್ಟಲೆ ಸುರಿಯುತ್ತಾರೆ. ಆ ಕೆಲವರು ಸೋಲಿಸಿ ಖುಷಿಪಡೋಕೆ ಉಳಿದವರು ಬೇಕು.

ಪಶ್ಚಿಮದ ಕಂಪನಿಗಳೂ ಬೇಗ ಕಲಿತವು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆನ್‌ಲೈನ್' 2009ರಲ್ಲಿ, 'ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್' 2010ರಲ್ಲಿ ಚಂದಾ ಕಡ್ಡಾಯವನ್ನು ಬಿಟ್ಟವು. 2011ರ ಡಿಸೆಂಬರ್‌ನಲ್ಲಿ ಭಾರಿ ಬಂಡವಾಳದೊಂದಿಗೆ ಬಂದ ಸ್ಟಾರ್ ವಾರ್ಸ್ ಆಟ ಒಂದೇ ವರ್ಷದಲ್ಲಿ ಫ್ರೀ ಆಯಿತು. 2014ರಲ್ಲಿ ಚಂದಾ ನಂಬಿ ಬಂದ 'ವೈಲ್ಡ್‌ಸ್ಟಾರ್' 2015ರಲ್ಲಿ ಫ್ರೀ ಆಗಿ, 2018ರಲ್ಲಿ ಬಾಗಿಲನ್ನೇ ಮುಚ್ಚಿತು.

ಫ್ರೀ ಬಂದಿದ್ದರಿಂದ ಒಳ್ಳೆಯದು ಆಗಲೇ ಇಲ್ಲ ಅಂತಲ್ಲ. ಕಾರ್ಡ್ ಇಲ್ಲದ, ತಿಂಗಳಿಗೆ 15 ಡಾಲರ್ ಕೊಡಲಾಗದ ಕೋಟ್ಯಂತರ ಹುಡುಗ ಹುಡುಗಿಯರಿಗೆ ಬಾಗಿಲು ತೆರೆದದ್ದೇ ಅದು. ಆದರೆ ಬೆಲೆ ಮಾತ್ರ ಮಾಯವಾಗಲಿಲ್ಲ, ಕಣ್ಣಿಗೆ ಕಾಣದ ಹಾಗಾಯಿತು. ರೂಪಾಯಿ ಕೊಟ್ಟು ಯುಸಿ, ಡೈಮಂಡ್, ವಿ-ಬಕ್ಸ್ ಕೊಳ್ತೀರಿ. ಆಮೇಲೆ ಖರ್ಚಾಗೋದು ರೂಪಾಯಿ ಅನ್ನಿಸುವುದೇ ಇಲ್ಲ. ಬೇಕಾದ ಸ್ಕಿನ್‌ಗೆ ಸರಿಹೊಂದುವ ಪ್ಯಾಕ್ ಇರಲ್ಲ, ಮೇಲೊಂದಿಷ್ಟು ಮಿಕ್ಕುತ್ತೆ, ಅದನ್ನು ಖರ್ಚು ಮಾಡೋಕೆ ಇನ್ನೊಂದಿಷ್ಟು ಹಾಕಬೇಕು.

ತಮಾಷೆ ಏನಂದರೆ, ಚಂದಾ ಹಿಂಬಾಗಿಲಿಂದ ವಾಪಸ್ ಬಂತು. 'ಫೋರ್ಟ್‌ನೈಟ್' 2017ರ ಕೊನೆಯಲ್ಲಿ ಸೀಸನ್‌ಗೊಂದು ಬ್ಯಾಟಲ್ ಪಾಸ್ ಶುರು ಮಾಡಿ, 2020ರ ಡಿಸೆಂಬರ್‌ನಲ್ಲಿ ತಿಂಗಳಿಗೆ 11.99 ಡಾಲರ್‌ನ 'ಕ್ರೂ' ಚಂದಾ ತಂದಿತು. ರಾಯಲ್ ಪಾಸ್ ಕೂಡ ಇದೇ ಜಾತಿ. ಹಳೆಯ ಚಂದಾ ಕಟ್ಟಿದರೆ ಇಡೀ ಆಟ ಸಿಗುತ್ತಿತ್ತು. ಪಾಸ್ ಕೊಂಡರೆ ಸಿಗೋದು ಬಹುಮಾನ ಗಳಿಸುವ ಅವಕಾಶ ಮಾತ್ರ, ಗಳಿಸೋಕೆ ನೀವು ದಿನಾ ಬಂದು ದುಡಿಯಬೇಕು.

ಹಾಗಾದರೆ ಹಳೆಯ ಚಂದಾ ಆಟಗಳು ಪ್ರಾಮಾಣಿಕವಾ?

ಆ ಬೋರ್ಡಿನ ಹಿಂದೆಯೂ ಅಂಗಡಿ ಬೆಳೆದಿದೆ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನ ಅಮೆರಿಕದ ಚಂದಾ 2004ರಿಂದ 2024ರವರೆಗೆ 20 ವರ್ಷ 14.99 ಡಾಲರ್ ಆಗಿಯೇ ಇತ್ತು. ಆದರೆ 2010ರಲ್ಲಿ ಅದೇ ಆಟದಲ್ಲಿ ಸವಾರಿಗೊಂದು ಮಿನುಗುವ ಕುದುರೆಯನ್ನು 25 ಡಾಲರ್‌ಗೆ ಮಾರಿದರು. 2024ರಲ್ಲಿ 90 ಡಾಲರ್‌ನ ಡೈನೋಸಾರ್ ಬಂತು. ಅದರ ಬೆನ್ನ ಮೇಲೆ ಹರಾಜು ಕಟ್ಟೆಯೂ ಅಂಚೆ ಪೆಟ್ಟಿಗೆಯೂ ಇರುವುದರಿಂದ, ಊರಿಗೆ ಹೋಗದೆ ಇದ್ದಲ್ಲೇ ವ್ಯಾಪಾರ ಮಾಡಬಹುದು. ಅಂದವೂ ಅನುಕೂಲವೂ ಮಾರಾಟಕ್ಕಿವೆ, ಚಂದಾ ಕಟ್ಟಿದವರಿಗೂ.

ಇನ್ನೊಂದು ದಾರಿ ಟೋಕನ್. 2015ರ ಏಪ್ರಿಲ್‌ನಿಂದ ಇದೇ ಆಟದಲ್ಲಿ ದುಡ್ಡಿದ್ದವನು 20 ಡಾಲರ್ ಕೊಟ್ಟು ಟೋಕನ್ ಕೊಂಡು, ಅದನ್ನು ಆಟದೊಳಗಿನ ಚಿನ್ನಕ್ಕೆ ಮಾರಬಹುದು. ಸಮಯ ಇದ್ದವನು ಚಿನ್ನ ದುಡಿದು, ಆ ಟೋಕನ್ ಕೊಂಡು 30 ದಿನ ಆಡಬಹುದು. 'ಈವ್ ಆನ್‌ಲೈನ್', 'ರೂನ್‌ಸ್ಕೇಪ್' ಆಟಗಳಲ್ಲಿ ಇಂಥದ್ದೇ ವ್ಯವಸ್ಥೆ ಅದಕ್ಕೂ ಮೊದಲೇ ಇತ್ತು. ಬಿಡಿಸಿ ನೋಡಿದರೆ, ಒಬ್ಬನ ಚಂದಾವನ್ನು ಇನ್ನೊಬ್ಬ ಕಟ್ಟುತ್ತಾನೆ, ಅವನು ಇವನಿಗಾಗಿ ಕೂಲಿ ಮಾಡುತ್ತಾನೆ, ಕಂಪನಿಗೆ 14.99ರ ಬದಲು 20 ಡಾಲರ್ ಬರುತ್ತೆ.

ಈ ಕೂಲಿ ಬರೀ ಮಾತಿನ ಅಲಂಕಾರವಲ್ಲ. ವೆನೆಜುವೆಲಾದಲ್ಲಿ ಹಣದುಬ್ಬರ ಕೈಮೀರಿದ ಕಾಲದಲ್ಲಿ ಬಹಳಷ್ಟು ಯುವಕರು 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್'ನಲ್ಲಿ ಚಿನ್ನ ಗಳಿಸಿ, ಕಂಪನಿಯ ನಿಯಮ ಮೀರಿ ಹೊರಗೆ ಡಾಲರ್‌ಗೆ ಮಾರಿ ಬದುಕಿದರು.

ಕನ್ಸೋಲ್‌ಗಳಲ್ಲಿ ಕಟ್ಟುವ ಚಂದಾ ಯಾವುದಕ್ಕೆ?

ಇಲ್ಲಿ ವಾದ ಇನ್ನೂ ತೆಳು. ಮೈಕ್ರೋಸಾಫ್ಟ್ 2002ರಲ್ಲಿ ಎಕ್ಸ್‌ಬಾಕ್ಸ್ ಲೈವ್ ಶುರು ಮಾಡಿ ವರ್ಷದ ಶುಲ್ಕ ಇಟ್ಟಿತು. ಸೋನಿಯ ಪಿಎಸ್3ರಲ್ಲಿ ಆನ್‌ಲೈನ್ ಆಟ ಉಚಿತವಿತ್ತು. 2013ರಲ್ಲಿ ಪಿಎಸ್4 ಬಂದಾಗ ಪ್ಲಸ್ ಚಂದಾ ಕಡ್ಡಾಯವಾಯಿತು. ನಿಂಟೆಂಡೊ 2018ರಲ್ಲಿ ಅದೇ ಹಾದಿ ಹಿಡಿಯಿತು. ಎಷ್ಟೋ ಆಟಗಳ ಸರ್ವರ್ ನಡೆಸೋದು ಆಟದ ಕಂಪನಿ, ಶುಲ್ಕ ಪಡೆಯೋದು ಯಂತ್ರ ಮಾರಿದ ಕಂಪನಿ. ಅದೇ ಆಟವನ್ನು ಪಿಸಿಯಲ್ಲಿ ಆಡಿದರೆ ಈ ಶುಲ್ಕವೇ ಇಲ್ಲ. ಇದು ಬಾಡಿಗೆಗಿಂತ ಟೋಲ್‌ಗೆ ಹತ್ತಿರ.

ಆಟಗಾರರು ಸುಮ್ಮನಿರದಿದ್ದಾಗ ಏನಾಗುತ್ತೆ ಅನ್ನೋದಕ್ಕೂ ಇಲ್ಲೇ ಉದಾಹರಣೆ ಇದೆ. 2021ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಈ ಶುಲ್ಕ ಏರಿಸುವುದಾಗಿ ಹೇಳಿತು. ವಿರೋಧ ಎದ್ದು, ಅದೇ ದಿನ ಹಿಂದೆ ಸರಿಯಿತು. ಫ್ರೀ ಆಟಗಳಿಗೆ ಚಂದಾ ಬೇಕಿಲ್ಲ ಎಂದೂ ಒಪ್ಪಿಕೊಂಡಿತು.

ಭಾರತದಲ್ಲಿ ಮಾಸಿಕ ಚಂದಾ ಯಾಕೆ ಬೇರು ಬಿಡಲಿಲ್ಲ?

2004ರಲ್ಲಿ 15 ಡಾಲರ್ ಅಂದರೆ 650 ರೂಪಾಯಿಗೂ ಮೇಲೆ. ಅದನ್ನು ಕಟ್ಟೋಕೆ ಅಂತರರಾಷ್ಟ್ರೀಯ ಕ್ರೆಡಿಟ್ ಕಾರ್ಡ್ ಬೇಕು, ಅದೂ ಅಪ್ಪನದ್ದು. ನಮ್ಮ ಊರುಗಳ ಹುಡುಗರು ಆಡಿದ್ದು ಸೈಬರ್ ಕೆಫೆಯಲ್ಲಿ, 'ಕೌಂಟರ್ ಸ್ಟ್ರೈಕ್', ಗಂಟೆಗಿಷ್ಟು ಅಂತ. ಚೀನಾದಲ್ಲೂ ಇಂಥ ಪರಿಸ್ಥಿತಿಯೇ ಇತ್ತು, ಹಾಗಾಗಿ ಅಲ್ಲಿ 'ವಾರ್‌ಕ್ರಾಫ್ಟ್' ತಿಂಗಳ ಚಂದಾ ಬಿಟ್ಟು 30 ಯುವಾನ್‌ಗೆ 4,000 ನಿಮಿಷದ ಕಾರ್ಡ್ ಮಾರಿತು. ಭಾರತಕ್ಕೆ ಅಂಥ ದರವೂ ಬರಲಿಲ್ಲ.

2016ರಲ್ಲಿ ಜಿಯೋ, 2018ರಲ್ಲಿ ಪಬ್‌ಜಿ ಮೊಬೈಲ್ ಬಂದಾಗ ನಾವು ಚಂದಾ ಯುಗವನ್ನು ಹಾರಿ ನೇರ 'ಫ್ರೀ' ಯುಗಕ್ಕೆ ಬಂದೆವು. ತಿಂಗಳ ಬಾಡಿಗೆ ಕಟ್ಟುತ್ತಲೇ ಇದ್ದೇವೆ, ಡೇಟಾ ಕಂಪನಿಗೆ. ಅಲ್ಲೂ ತಿಂಗಳು ಅಂದರೆ 28 ದಿನ, ವರ್ಷಕ್ಕೆ 13 ಸಲ. ಕನಿಷ್ಠ ಒಂದು ಪ್ಯಾಕ್ ಆದರೂ 30 ದಿನದ್ದು ಇರಲಿ ಎಂದು ಟ್ರಾಯ್ 2022ರಲ್ಲಿ ಆದೇಶ ಮಾಡಬೇಕಾಯಿತು.

ನಮ್ಮ ಕಾನೂನು ಏನು ಹೇಳುತ್ತೆ?

ಮೂರು ವಿಷಯ ತಿಳಿದಿರಲಿ.

ಒಂದು, ಆಟೋ ಡೆಬಿಟ್. 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಆರ್‌ಬಿಐ ನಿಯಮದಂತೆ, ಕಾರ್ಡ್ ಅಥವಾ ಯುಪಿಐನಿಂದ ಪದೇ ಪದೇ ಹಣ ಕಡಿತ ಮಾಡಲು ಮೊದಲು ನಿಮ್ಮ ದೃಢೀಕರಣ ಬೇಕು. ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಸೂಚನೆ ಬರಬೇಕು, ಬೇಡ ಅನ್ನುವ ಅವಕಾಶ ಇರಬೇಕು. 2022ರಲ್ಲಿ ನಿಗದಿಯಾದ ಮಿತಿಯಂತೆ 15,000 ರೂ. ದಾಟಿದರೆ ಪ್ರತಿ ಸಲವೂ ಒಟಿಪಿ.

ಎರಡು, ಸಬ್‌ಸ್ಕ್ರಿಪ್ಷನ್ ಬಲೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳನ್ನು, ನಿಷೇಧಿಸಿತು. ಸೇರೋದು ಸುಲಭ, ಬಿಡೋದು ಕಷ್ಟ ಅನ್ನುವಂತೆ ಮಾಡೋದು ಆ ಪಟ್ಟಿಯಲ್ಲಿದೆ. ಸಿಕ್ಕಿಕೊಂಡರೆ ಕಂಪನಿಗೆ ಬರೆದು, ಸ್ಕ್ರೀನ್‌ಶಾಟ್ ಇಟ್ಟುಕೊಂಡು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಮೂರು, 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ. ದುಡ್ಡು ಕಟ್ಟಿ, ದುಡ್ಡು ಗೆಲ್ಲುವ ಆಸೆಯಿಂದ ಆಡುವ ಆಟಗಳನ್ನು ಅದು ನಿಷೇಧಿಸುತ್ತೆ, ಕೌಶಲದ ಆಟವಾದರೂ ಸರಿ. ಆದರೆ ಪಣಕ್ಕಿಡದೆ, ಬರೀ ಪ್ರವೇಶಕ್ಕಾಗಿ ಕಟ್ಟುವ ಚಂದಾಗೆ ಕಾಯ್ದೆಯಲ್ಲೇ ಅವಕಾಶವಿದೆ. ಕರ್ನಾಟಕದ ಓದುಗರಿಗೆ ಈ ಗೆರೆ ಹೊಸದಲ್ಲ. ಪಣದ ಆಟ ನಿಷೇಧಿಸಿ ರಾಜ್ಯ 2021ರಲ್ಲಿ ತಂದ ಪೊಲೀಸ್ ಕಾಯ್ದೆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು. ಕೇಂದ್ರದ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳೂ ಕರ್ನಾಟಕ ಸೇರಿ ಮೂರು ಹೈಕೋರ್ಟ್‌ಗಳಿಂದ ಸುಪ್ರೀಂ ಕೋರ್ಟಿಗೆ ಹೋದವು.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಮಾಸಿಕ ಚಂದಾ ಇವತ್ತು ಅತಿ ಹೆಚ್ಚು ರಕ್ಷಣೆ ಇರುವ ಪಾವತಿ. ಬೆಲೆ ಗೊತ್ತು, ಸೂಚನೆ ಬರುತ್ತೆ, ರದ್ದು ಮಾಡಬಹುದು. ಆದರೆ ನಮ್ಮಲ್ಲಿ ಹೆಚ್ಚು ಜನ ಕೊಡೋದು ಈ ದಾರಿಯಲ್ಲಲ್ಲ. 75 ರೂಪಾಯಿ, 380 ರೂಪಾಯಿ ಅಂತ ಬಿಡಿಬಿಡಿಯಾಗಿ ಕೊಂಡದ್ದಕ್ಕೆ ಆಟೋ ಡೆಬಿಟ್ ನಿಯಮ ಅನ್ವಯಿಸಲ್ಲ. ಲೂಟ್ ಬಾಕ್ಸ್‌ನಿಂದ ಬಂದ ಸ್ಕಿನ್ ಕಾಯ್ದೆ ಹೇಳುವ ಗೆಲುವಾ, ಅಲ್ಲವಾ ಅನ್ನೋದೂ ಸ್ಪಷ್ಟವಿಲ್ಲ. ಬೆಲ್ಜಿಯಂ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜು ಎಂದಿತು. ಆಟದ ನಾಣ್ಯದ ಪಕ್ಕದಲ್ಲಿ ನಿಜವಾದ ಹಣದ ಬೆಲೆಯೂ ಕಾಣಬೇಕು ಎಂದು ಯುರೋಪಿನ ಗ್ರಾಹಕ ಪ್ರಾಧಿಕಾರಗಳು 2025ರ ಮಾರ್ಚ್‌ನಲ್ಲಿ ಹೇಳಿದವು. ಅಮೆರಿಕದಲ್ಲಿ ತಪ್ಪಾಗಿ ಒತ್ತಿದರೂ ಖರೀದಿಯಾಗುವಂತೆ ಬಟನ್ ಇಟ್ಟಿದ್ದಕ್ಕೆ 'ಫೋರ್ಟ್‌ನೈಟ್'ನ ಎಪಿಕ್ ಕಂಪನಿ 24.5 ಕೋಟಿ ಡಾಲರ್ ವಾಪಸ್ ಕೊಡಲು ಒಪ್ಪಬೇಕಾಯಿತು.

ಆಟವೇ ನಿಂತರೆ?

ಇದು ಎಲ್ಲೂ ಬಗೆಹರಿಯದ ಪ್ರಶ್ನೆ. 2023ರ ಜನವರಿಯಲ್ಲಿ ಬ್ಲಿಝಾರ್ಡ್ ಮತ್ತು ನೆಟ್‌ಈಸ್ ಕಂಪನಿಗಳ ಒಪ್ಪಂದ ಮುರಿದು ಚೀನಾದಲ್ಲಿ 'ವಾರ್‌ಕ್ರಾಫ್ಟ್' ನಿಂತುಹೋಯಿತು. ಮತ್ತೆ ಬಂದದ್ದು 2024ರ ಆಗಸ್ಟ್‌ನಲ್ಲಿ. ನಮ್ಮಲ್ಲಿ 2020ರಲ್ಲಿ ಪಬ್‌ಜಿ ಮೊಬೈಲ್, 2022ರಲ್ಲಿ ಫ್ರೀ ಫೈರ್ ಸರ್ಕಾರದ ಆದೇಶದಿಂದ ನಿಷೇಧವಾದವು. ಪಬ್‌ಜಿಯಲ್ಲಿ ಕೊಂಡದ್ದನ್ನು 2021ರಲ್ಲಿ ಬಿಜಿಎಂಐಗೆ ವರ್ಗಾಯಿಸಿಕೊಳ್ಳಲು ಕಂಪನಿ ಬಿಟ್ಟಿತು. ಅದು ಅದರ ದೊಡ್ಡತನ, ನಿಮ್ಮ ಹಕ್ಕಲ್ಲ. ಒಪ್ಪಂದದಲ್ಲಿ ಬರೆದಿರೋದು ಒಂದೇ ಸಾಲು: ನೀವು ಕೊಂಡಿದ್ದು ವಸ್ತುವನ್ನಲ್ಲ, ಬಳಸುವ ಪರವಾನಗಿಯನ್ನು.

ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್‌ನಲ್ಲಿ 'ದ ಕ್ರೂ' ರೇಸಿಂಗ್ ಆಟದ ಸರ್ವರ್ ನಿಲ್ಲಿಸಿದಾಗ, ದುಡ್ಡು ಕೊಟ್ಟು ಡಿಸ್ಕ್ ಕೊಂಡವರಿಗೂ ಆಟ ಸತ್ತುಹೋಯಿತು. ಅದರಿಂದ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಮನವಿಗೆ 2025ರ ಜುಲೈನಲ್ಲಿ ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಬೇಡಿಕೆ ಸರಳ: ಕಂಪನಿ ಶಾಶ್ವತವಾಗಿ ಸರ್ವರ್ ನಡೆಸಬೇಕಿಲ್ಲ, ಆದರೆ ಹೋಗುವಾಗ ಆಟಗಾರರೇ ನಡೆಸಿಕೊಳ್ಳುವಂತೆ ಬಿಟ್ಟುಹೋಗಲಿ. ಅಸಾಧ್ಯವೇನಲ್ಲ. 2012ರಲ್ಲಿ ಮುಚ್ಚಿದ 'ಸಿಟಿ ಆಫ್ ಹೀರೋಸ್' ಆಟವನ್ನು ಅಭಿಮಾನಿಗಳೇ ನಡೆಸುತ್ತಿದ್ದರು. 2024ರ ಜನವರಿಯಲ್ಲಿ ಮೂಲ ಕಂಪನಿ ಅವರಿಗೆ ಅಧಿಕೃತ ಪರವಾನಗಿಯನ್ನೇ ಕೊಟ್ಟಿತು.

ಕೇಳಬೇಕಾದ್ದು ಏನು?

ಮುಂದಿನ ಸಲ ಯಾವ ಆಟಕ್ಕಾದರೂ ದುಡ್ಡು ಹಾಕುವ ಮೊದಲು ಮೂರು ಪ್ರಶ್ನೆ ಕೇಳಿ. ವರ್ಷಕ್ಕೆ ಒಟ್ಟು ಎಷ್ಟಾಗುತ್ತೆ ಅಂತ ಈಗಲೇ ಹೇಳೋಕಾಗುತ್ತಾ? ಸೇರಿದಷ್ಟೇ ಸುಲಭವಾಗಿ ಹೊರಗೆ ಬರಬಹುದಾ? ನಾಳೆ ಸರ್ವರ್ ನಿಂತರೆ ಕೈಯಲ್ಲಿ ಏನು ಉಳಿಯುತ್ತೆ? ಮಾಸಿಕ ಚಂದಾ ಮೊದಲ ಎರಡಕ್ಕೆ ಹೆಚ್ಚುಕಡಿಮೆ ಉತ್ತರ ಕೊಡುತ್ತೆ, ಮೂರನೆಯದಕ್ಕೆ ಕೊಡಲ್ಲ. 'ಫ್ರೀ' ಆಟ ಮೂರಕ್ಕೂ ಕೊಡಲ್ಲ.

ಈ ಪ್ರಶ್ನೆಗಳು ಆಟಗಾರರ ಚಾಟ್‌ನಲ್ಲೇ ಉಳಿಯಬಾರದು. ಆನ್‌ಲೈನ್ ಆಟದ ಬಗ್ಗೆ ನಮ್ಮ ಸಂಸತ್ತು, ವಿಧಾನಸಭೆಗಳು ಇದುವರೆಗೆ ಮಾತಾಡಿದ್ದು ಹೆಚ್ಚಾಗಿ ಜೂಜು, ಚಟ, ನಿಷೇಧದ ಭಾಷೆಯಲ್ಲಿ. ಆಟಗಾರರನ್ನು ದುಡ್ಡು ಕೊಟ್ಟ ಗ್ರಾಹಕ ಎಂದು ನೋಡಿದ್ದು ಕಡಿಮೆ. ನಾಣ್ಯದ ಪಕ್ಕದಲ್ಲಿ ರೂಪಾಯಿ ಬೆಲೆ, ಪೆಟ್ಟಿಗೆಯ ಮೇಲೆ ಗೆಲ್ಲುವ ಸಾಧ್ಯತೆಯ ಅಂಕಿ, ತಿಂಗಳ ಒಟ್ಟು ಖರ್ಚಿಗೆ ನಾವೇ ಹಾಕಿಕೊಳ್ಳಬಹುದಾದ ಮಿತಿ, ಮುಚ್ಚುವ ಮೊದಲು ಮುನ್ಸೂಚನೆ. ಈ ನಾಲ್ಕನ್ನು ಕೇಳೋಕೆ ಯಾವ ಆಟವನ್ನೂ ನಿಷೇಧಿಸಬೇಕಿಲ್ಲ.